ಕರುಳಿಗೆ ರಕ್ತ ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಎದೆಗೆ ರಕ್ತ ನಿಂತರೆ ಹಾರ್ಟ್ ಅಟ್ಯಾಕ್, ಮಿದುಳಿಗೆ ನಿಂತರೆ ಲಕ್ವಾ. ಇದು ಈಗ ರೋಣ, ಶಿಗ್ಗಾವಿ ಕಡೆಯ ಹಳ್ಳಿಗಳಲ್ಲೂ ಗೊತ್ತಿರುವ ಮಾತು. ಕರುಳಿಗೂ ಹಾಗೆಯೇ ರಕ್ತ ನಿಲ್ಲುತ್ತದೆ, ಗಂಟೆಗಳ ಲೆಕ್ಕದಲ್ಲಿ ಕರುಳು ಕಪ್ಪಾಗಿ ಸಾಯುತ್ತದೆ ಎಂಬುದು ಮಾತ್ರ ಇನ್ನೂ ಮನೆಮಾತಾಗಿಲ್ಲ. ಕಾಯಿಲೆ ಅಪರೂಪದ್ದೇ. ಆದರೆ ಹಠಾತ್ತಾಗಿ ಬಂದವರಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. ಅದಕ್ಕೆ ಬಹುಮಟ್ಟಿಗೆ ಕಾರಣ ಒಂದೇ, ಗುರುತಿಸುವುದು ತಡವಾಗುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ರೋಗಿಗಳೂ ಮನೆಯವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದೆರಡು ಉತ್ತರ ತಾಲ್ಲೂಕಿನ ವೈದ್ಯರಿಗೂ ಉಪಯೋಗವಾದೀತು.

ಕರುಳಿಗೆ ರಕ್ತ ಬರುವ ದಾರಿ ಯಾವುದು?

ಬೆನ್ನುಮೂಳೆಯ ಮುಂದೆ ಇಳಿಯುವ ಮಹಾಪಧಮನಿಯಿಂದ ಜೀರ್ಣಾಂಗಗಳ ಕಡೆಗೆ ಮೂರು ಕವಲು ಹೊರಡುತ್ತವೆ. ಮೊದಲನೆಯದು ಜಠರ, ಯಕೃತ್ತು, ಗುಲ್ಮಕ್ಕೆ. ಎರಡನೆಯದಾದ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿಯನ್ನು ವೈದ್ಯರು ಚಿಕ್ಕದಾಗಿ ಎಸ್‌ಎಂಎ ಎನ್ನುತ್ತಾರೆ. ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಹೆಚ್ಚಿನ ಪಾಲು ಮತ್ತು ದೊಡ್ಡ ಕರುಳಿನ ಬಲಭಾಗ ಇದೊಂದನ್ನೇ ನಂಬಿಕೊಂಡಿವೆ. ಮೂರನೆಯದು ದೊಡ್ಡ ಕರುಳಿನ ಎಡಭಾಗಕ್ಕೆ. ಸುಮ್ಮನೆ ಕೂತಾಗಲೂ ಹೃದಯ ಹೊರಹಾಕುವ ರಕ್ತದ ಹೆಚ್ಚುಕಡಿಮೆ ಕಾಲು ಭಾಗ ಹೊಟ್ಟೆಯ ಅಂಗಗಳಿಗೆ ಹೋಗುತ್ತದೆ. ಉಂಡ ಮೇಲೆ ಇನ್ನೂ ಹೆಚ್ಚು ಬೇಕು.

ಕಾಲುವೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕಟ್ಟಕಡೆಯ ಹೊಲ ಎಂದು ನರಗುಂದ, ನವಲಗುಂದದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕರುಳಿನ ಒಳಪದರವೂ ಹಾಗೆಯೇ. ಅದರಲ್ಲಿ ಮಖಮಲ್ಲಿನ ಎಳೆಗಳಂತೆ ಲಕ್ಷಾಂತರ ಸಣ್ಣ ಎಳೆಗಳಿವೆ. ಆಮ್ಲಜನಕ ಆ ಎಳೆಯ ತುದಿ ಮುಟ್ಟುವುದು ಕೊನೆಗೆ. ಹರಿವು ಕುಗ್ಗಿದ ಕೂಡಲೇ ಮೊದಲು ಸಾಯುವುದು ಆ ತುದಿಗಳು. ಕರುಳಿನೊಳಗಿನ ಕ್ರಿಮಿಗಳು ರಕ್ತಕ್ಕೆ ನುಗ್ಗದಂತೆ ತಡೆಯುವ ಗೋಡೆಯೂ ಅದೇ ಆಗಿರುವುದರಿಂದ ತೊಂದರೆ ಕರುಳಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ.

ರಕ್ತ ನಿಲ್ಲುವುದಾದರೂ ಯಾಕೆ?

ಮುಖ್ಯವಾಗಿ ನಾಲ್ಕು ದಾರಿ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ಗೆಡ್ಡೆ ಕಿತ್ತುಕೊಂಡು ಬಂದು ಎಸ್‌ಎಂಎಯಲ್ಲಿ ಸಿಕ್ಕಿಕೊಳ್ಳುವುದು ಮೊದಲನೆಯದು. ಹಠಾತ್ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ಈ ನಾಳ ಮಹಾಪಧಮನಿಯಿಂದ ಓರೆಯಾಗಿ ಕೆಳಮುಖವಾಗಿ ಹೊರಡುವುದರಿಂದ ತೇಲಿಬಂದ ಗೆಡ್ಡೆ ಸಲೀಸಾಗಿ ಅದರೊಳಗೆ ಜಾರುತ್ತದೆ. ಎರಡನೆಯದು, ವರ್ಷಗಟ್ಟಲೆ ಕೊಬ್ಬು ಮೆತ್ತಿ ಕಿರಿದಾದ ನಾಳ ಒಂದು ದಿನ ಪೂರ್ತಿ ಮುಚ್ಚಿಹೋಗುವುದು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಲ್ಲಿ ಇದು ಹೆಚ್ಚು. ಮೂರನೆಯದರಲ್ಲಿ ನಾಳ ತೆರೆದೇ ಇರುತ್ತದೆ, ಹರಿವೇ ಸಾಲುವುದಿಲ್ಲ. ನಾಲ್ಕನೆಯದರಲ್ಲಿ ರಕ್ತ ಒಳಗೆ ಬರುತ್ತದೆ, ವಾಪಸು ಹೋಗುವ ಅಭಿಧಮನಿ ಹೆಪ್ಪುಗಟ್ಟಿರುತ್ತದೆ. ಇವಲ್ಲದೆ ಕರುಳೇ ತಿರುಚಿಕೊಂಡು ಅಥವಾ ಹರ್ನಿಯಾದಲ್ಲಿ ಸಿಕ್ಕಿ ಹೊರಗಿನಿಂದ ನಾಳ ಅಮುಕಿಕೊಳ್ಳುವುದೂ ಇದೆ. ನಮ್ಮ ಕಡೆ ಅದನ್ನು ಮರೆಯಲೇಬಾರದು.

ಎಷ್ಟು ಹೊತ್ತು ಸಮಯ ಇರುತ್ತದೆ?

ಪೂರ್ತಿ ನಿಂತರೆ ಒಳಪದರಕ್ಕೆ ಪೆಟ್ಟು ನಿಮಿಷಗಳಲ್ಲೇ ಶುರುವಾಗುತ್ತದೆ. ಕರುಳಿನ ಗೋಡೆ ಪೂರಾ ದಪ್ಪ ಸಾಯಲು ಸಾಮಾನ್ಯವಾಗಿ 6ರಿಂದ 12 ಗಂಟೆ. ರಾತ್ರಿ 11ಕ್ಕೆ ನೋವು ಬಂದು, ‘ಬೆಳಗಾಗಲಿ, ಮುಂಜಾನೆ ದವಾಖಾನೆಗೆ ಹೋದರಾಯಿತು’ ಎಂದು ಕೂತರೆ ಆ ಸಮಯವೆಲ್ಲ ಮನೆಯಲ್ಲೇ ಮುಗಿದಿರುತ್ತದೆ.

ನೋವು ಹೇಗಿರುತ್ತದೆ? ಗ್ಯಾಸ್ ನೋವಿಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರಸೊತ್ತು ಇದ್ದರೆ ಇದನ್ನು ಓದಿ. ಹೊಕ್ಕುಳ ಸುತ್ತ ಇದ್ದಕ್ಕಿದ್ದಂತೆ ವಿಪರೀತ ನೋವು. ‘ಹೊಟ್ಟಿ ಒಳಗ ಚಾಕು ಹಾಕಿ ತಿರಿವಿದಂಗ ಆಗಾಕತ್ತೈತಿ’ ಎಂದು ರೋಗಿ ಹೊರಳಾಡುತ್ತಾರೆ. ಆದರೆ ಕೈಯಿಟ್ಟು ನೋಡಿದರೆ ಹೊಟ್ಟೆ ಮೆತ್ತಗೆ, ಒತ್ತಿದರೂ ಅಷ್ಟಾಗಿ ನೋಯದು. ನೋವು ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ. ಈ ಹೊಂದಿಕೆಯಾಗದ ನೋವೇ ಕಾಯಿಲೆಯ ಗುರುತು. ಜೊತೆಗೆ ವಾಂತಿ, ಒಂದೆರಡು ಬಾರಿ ಜೋರಾಗಿ ಭೇದಿಯೂ ಆಗಬಹುದು. ಅದನ್ನು ನೋಡಿಯೇ ‘ಏನೋ ತಿಂದದ್ದು ಆಗಿಬಂದಿಲ್ಲ’ ಎಂದು ಮನೆಯವರು ಸಮಾಧಾನ ಪಡುತ್ತಾರೆ.

ಇದರ ಮೇಲೆ ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವ್ಯಕ್ತಿಗೆ ಹೃದಯದ ಕಾಯಿಲೆ ಇದೆಯೇ? ನಾಡಿ ಏರುಪೇರಾಗಿ ಬಡಿಯುತ್ತದೆಯೇ, ವಾಲ್ವಿನ ತೊಂದರೆ ಇದೆಯೇ, ಈಚೆಗೆ ಹಾರ್ಟ್ ಅಟ್ಯಾಕ್ ಆಗಿತ್ತೇ, ರಕ್ತ ತೆಳು ಮಾಡುವ ಗುಳಿಗೆ ಬಿಟ್ಟಿದ್ದಾರೆಯೇ, ಹಿಂದೆ ಕಾಲಿಗೋ ಮಿದುಳಿಗೋ ಗೆಡ್ಡೆ ಹೋಗಿತ್ತೇ? ಒಂದಕ್ಕಾದರೂ ಹೌದು ಎಂದಾದರೆ, ಮೇಲೆ ಹೇಳಿದ ನೋವು ಬಂದಾಗ ಅದು ಕರುಳಿನ ರಕ್ತದ್ದಲ್ಲ ಎಂದು ಪರೀಕ್ಷೆಯಲ್ಲಿ ಸಾಬೀತಾಗುವವರೆಗೆ ಅದೇ ಎಂದು ತಿಳಿಯಬೇಕು.

ಮತ್ತೊಂದು ಮೋಸವಿದೆ. ಕೆಲವು ಗಂಟೆಗಳ ನಂತರ ನೋವು ತಾನಾಗಿಯೇ ಸ್ವಲ್ಪ ಇಳಿಯಬಹುದು. ಒಳಪದರದ ನರಗಳು ಸತ್ತದ್ದರಿಂದ ಆದ ಇಳಿತ ಅದು. ಆಮೇಲೆ ಹೊಟ್ಟೆ ಉಬ್ಬುತ್ತದೆ, ಹಲಗೆಯಂತೆ ಬಿಗಿಯುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ, ಬಿ.ಪಿ. ಬೀಳುತ್ತದೆ. ಹೊಟ್ಟೆ ಬಿಗಿಯುವವರೆಗೆ ಕಾದರೆ ಕರುಳು ಸತ್ತ ಮೇಲೆ ಬಂದಂತೆ.

‘ಬಟ್ಟಿ ಸರದೈತಿ’ (ಹೊಕ್ಕುಳ ಜಾರಿದೆ) ಎಂದು ಹಿರಿಯರು ಹೊಟ್ಟೆ ತಿಕ್ಕಿಸುತ್ತಾರೆ. ತಪ್ಪೇ?

ಇಂಥ ನೋವಿಗೆ ತಿಕ್ಕಿಸಬಾರದು. ಸಾಯುತ್ತಿರುವ ಕರುಳು ಒದ್ದೆ ಕಾಗದದಂತೆ ಮೆತ್ತಗಾಗಿರುತ್ತದೆ, ಒತ್ತಿದರೆ ತೂತು ಬೀಳಬಹುದು. ಹಿರಿಯರ ಮನಸ್ಸು ನೋಯಿಸದೆ, ‘ಮೊದಲು ಸ್ಕ್ಯಾನ್ ಮಾಡಿಸೋಣ, ಏನೂ ಇಲ್ಲ ಅಂದ್ರ ಆಮ್ಯಾಲ ನೋಡೋಣ’ ಎಂದು ಹೇಳಿ ಗಾಡಿ ಹತ್ತಿಸಿ.

ಮನೆಯಿಂದ ಹೊರಡುವಾಗ ಏನು ಮಾಡಬೇಕು, ಏನು ಮಾಡಬಾರದು?

ನೋವು ಶುರುವಾದ ಸಮಯವನ್ನು ಕಾಗದದ ಮೇಲೆ ಬರೆಯಿರಿ. ಆಸ್ಪತ್ರೆಯಲ್ಲಿ ಅದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಕೊಡಬೇಡಿ: ಸೋಡಾ, ಲಿಂಬು ಶರಬತ್ತು, ಅಜವಾನದ ನೀರು, ಮಜ್ಜಿಗೆ, ಯಾವುದೂ ಬೇಡ. ಔಡಲೆಣ್ಣೆ ಕುಡಿಸುವುದು, ಎನಿಮಾ ಕೊಡುವುದು ಅಪಾಯ. ತಿನ್ನುತ್ತಿರುವ ಗುಳಿಗೆಗಳನ್ನು ಚೀಟಿ ಹುಡುಕುತ್ತ ಕೂರದೆ ಸ್ಟ್ರಿಪ್ ಸಮೇತ ಚೀಲಕ್ಕೆ ಹಾಕಿ. ಹಳೆಯ ಇಸಿಜಿ, ಎಕೋ ವರದಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ತೋರಿಸುವ ಕೊನೆಯ ಐಎನ್‌ಆರ್ ಚೀಟಿ ಇದ್ದರೆ ಜೊತೆಗಿರಲಿ. ರೇಷನ್ ಕಾರ್ಡು, ಆಧಾರ್ ಮರೆಯಬೇಡಿ.

ನೋವು ಇಳಿಸುವ ಸೂಜಿ ಮಾಡಿಸಬಹುದೇ? ಮಾಡಿಸಬಹುದು, ಅದರಿಂದ ಸ್ಕ್ಯಾನ್‌ನಲ್ಲಿ ಕಾಯಿಲೆ ಮುಚ್ಚಿಹೋಗುವುದಿಲ್ಲ. ತಪ್ಪಾಗುವುದು ಸೂಜಿಯಿಂದಲ್ಲ, ಸೂಜಿ ಹಾಕಿ ಒಂದು ಸಲೈನ್ ಹಚ್ಚಿ ಮನೆಗೆ ಕಳಿಸುವುದರಿಂದ. ನೋವು ಇಳಿದದ್ದನ್ನು ಕಾಯಿಲೆ ಇಳಿದದ್ದೆಂದು ಎಣಿಸಬೇಡಿ.

ಯಾವ ಆಸ್ಪತ್ರೆಗೆ ಹೋಗಬೇಕು?

ಹತ್ತಿರದ್ದಕ್ಕೆ ಎನ್ನುವುದು ಈ ಕಾಯಿಲೆಗೆ ಪೂರ್ತಿ ಉತ್ತರವಲ್ಲ. ಹಗಲು ರಾತ್ರಿ, ರಕ್ತನಾಳ ತೋರಿಸುವ ಸ್ಕ್ಯಾನ್ ಆದ ಸಿಟಿ ಆ್ಯಂಜಿಯೋಗ್ರಾಮ್ ಮಾಡುವ, ಸರ್ಜನ್ ಮತ್ತು ಐಸಿಯು ಇರುವ ಹತ್ತಿರದ ಜಾಗಕ್ಕೆ ಹೋಗಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗದ ಜಿಮ್ಸ್, ಹಾವೇರಿಯ ಹಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಖಾಸಗಿ ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದಲ್ಲಿವೆ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ರಸ್ತೆಯಲ್ಲಿ ಗಂಟೆಗಿಂತ ಹೆಚ್ಚೇ ಹೋಗುತ್ತದೆ. ಮುಂಡರಗಿ, ಹಿರೇಕೆರೂರಿನ ಆಚೆಯವರಿಗೆ ಇನ್ನೂ ದೂರ. ಆದ್ದರಿಂದ ಗಾಡಿಯಲ್ಲಿ ಕೂತು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಈಗ ಬಣ್ಣದ ಔಷಧಿ ಹಾಕಿ ಹೊಟ್ಟೆಯ ಸಿಟಿ ಆ್ಯಂಜಿಯೋಗ್ರಾಮ್ ಆಗುತ್ತದೆಯೇ? ಕರುಳಿನ ಆಪರೇಷನ್ ಮಾಡುವ ಸರ್ಜನ್ ಈಗ ಸಿಗುತ್ತಾರೆಯೇ? ರಕ್ತನಾಳದ ತಜ್ಞರು ಅಥವಾ ನಾಳದೊಳಗೆ ನಳಿಕೆ ಹಾಯಿಸಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಇದೆಯೇ? ಮೊದಲ ಎರಡಕ್ಕೆ ಇಲ್ಲ ಎಂದರೆ ಅಲ್ಲಿ ಇಳಿಯಬೇಡಿ. ರೋಗಿಯ ನಾಡಿ, ಉಸಿರು ಹದಗೆಟ್ಟಿದ್ದರೆ ಮಾತ್ರ ಹತ್ತಿರದ ಆಸ್ಪತ್ರೆಯಲ್ಲಿ ಸಲೈನ್, ಆಕ್ಸಿಜನ್ ಹಚ್ಚಿಸಿಕೊಂಡು ಮುಂದೆ ಹೋಗಿ.

ಎಕ್ಸ್‌ರೇ, ಸೋನೋಗ್ರಫಿ, ರಕ್ತ ಎಲ್ಲ ನಾರ್ಮಲ್ ಬಂದಿದೆ. ಆದರೂ ನೋವು ಹೋಗಿಲ್ಲ. ಮುಂದೇನು?

ಮುಂದೆ ಸಿಟಿ ಆ್ಯಂಜಿಯೋಗ್ರಾಮ್. ಮೊದಲ ಗಂಟೆಗಳಲ್ಲಿ ಎಕ್ಸ್‌ರೇ ನಾರ್ಮಲ್ ಇರುವುದೇ ಹೆಚ್ಚು. ಸೋನೋಗ್ರಫಿಯಲ್ಲಿ ಗಾಳಿ ಅಡ್ಡ ಬಂದು ನಾಳ ಸರಿಯಾಗಿ ಕಾಣುವುದಿಲ್ಲ. ಆಮ್ಲಜನಕ ಸಾಲದಾಗ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಾರ್ಮಲ್ ಇದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು, ಯಾಕೆಂದರೆ ಕರುಳಿನಿಂದ ಬಂದ ಲ್ಯಾಕ್ಟೇಟನ್ನು ಯಕೃತ್ತು ಮೊದಮೊದಲು ತೊಳೆದುಹಾಕುತ್ತಿರುತ್ತದೆ. ಹೆಪ್ಪು ಕರಗುವಾಗ ರಕ್ತದಲ್ಲಿ ಕಾಣುವ ಡಿ-ಡೈಮರ್ ಬಹುತೇಕ ಎಲ್ಲರಲ್ಲೂ ಏರುತ್ತದೆ, ಆದರೆ ಬೇರೆ ನೂರು ಕಾರಣಕ್ಕೂ ಏರುತ್ತದೆ.

ಸ್ಕ್ಯಾನ್ ಕೋರಿಕೆಯಲ್ಲಿ ಬರೀ ‘ಹೊಟ್ಟೆ ಸಿಟಿ’ ಎಂದು ಬರೆದರೆ ಸಾಲದು. ಬಣ್ಣದ ಔಷಧಿ ಇಲ್ಲದ ಸಾದಾ ಸಿಟಿಯಲ್ಲಿ ನಾಳದ ಗೆಡ್ಡೆ ತಪ್ಪಿಹೋಗುತ್ತದೆ. ಅಪಧಮನಿಯ ಹಂತ, ಅಭಿಧಮನಿಯ ಹಂತ ಎರಡೂ ಬೇಕು, ಎಸ್‌ಎಂಎ ನೋಡಿ ಎಂದು ಸ್ಪಷ್ಟವಾಗಿ ಬರೆಯಬೇಕು. ಕುಡಿಯಲು ಬಣ್ಣದ ನೀರು ಕೊಟ್ಟು ಒಂದೆರಡು ಗಂಟೆ ಕಾಯಿಸುವುದು ಇಲ್ಲಿ ಬೇಡ.

ಕ್ರಿಯಾಟಿನಿನ್ ಹೆಚ್ಚಿದೆ, ಬಣ್ಣದ ಔಷಧಿ ಹಾಕಿದರೆ ಕಿಡ್ನಿ ಹೋಗುತ್ತದೆ ಎಂದರೆ?

ಇಲ್ಲಿ ನಮ್ಮ ಮಾತು ಖಚಿತ: ಗಟ್ಟಿ ಅನುಮಾನ ಇದ್ದರೆ ಕಿಡ್ನಿಯ ವರದಿಗಾಗಿ ಸ್ಕ್ಯಾನ್ ನಿಲ್ಲಿಸಬಾರದು. ಕಿಡ್ನಿಗೆ ತುಸು ತೊಂದರೆಯಾದರೆ ಸರಿಪಡಿಸಲು ದಾರಿಯಿದೆ. ಸತ್ತ ಕರುಳಿಗೆ ಕತ್ತರಿಯ ಹೊರತು ದಾರಿಯಿಲ್ಲ. ಜಗತ್ತಿನ ತುರ್ತು ಶಸ್ತ್ರಚಿಕಿತ್ಸಕರ ಮಾರ್ಗಸೂಚಿಗಳು ಹೇಳುವುದೂ ಇದನ್ನೇ.

ಪತ್ತೆಯಾದ ಮೇಲೆ ಏನೇನು ಮಾಡುತ್ತಾರೆ?

ಮೊದಲ ಅರ್ಧ ಗಂಟೆಯ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೂ ಆಗಬಹುದು. ದಪ್ಪ ಸೂಜಿಯಲ್ಲಿ ಎರಡು ಕಡೆ ಸಲೈನ್ ದಾರಿ, ಆಕ್ಸಿಜನ್, ಮೂಗಿನಿಂದ ಜಠರಕ್ಕೆ ನಳಿಕೆ, ಮೂತ್ರದ ಅಳತೆಗೆ ಕ್ಯಾಥೆಟರ್, ಕರುಳಿನ ಕ್ರಿಮಿಗಳನ್ನು ತಡೆಯುವ ಆ್ಯಂಟಿಬಯಾಟಿಕ್. ರಕ್ತಸ್ರಾವದ ಅಡ್ಡಿ ಇಲ್ಲದಿದ್ದರೆ ಹೆಪಾರಿನ್. ಮೊದಲು ಕಿಲೋಗೆ 80 ಯುನಿಟ್ ಒಟ್ಟಿಗೆ, ನಂತರ ಗಂಟೆಗೆ ಕಿಲೋಗೆ 18 ಯುನಿಟ್. 60 ಕಿಲೋ ತೂಕದವರಿಗೆ 4,800 ಯುನಿಟ್, ಆಮೇಲೆ ಗಂಟೆಗೆ ಸುಮಾರು 1,080. ಹೆಪಾರಿನ್ ಇದ್ದ ಗೆಡ್ಡೆಯನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಅದರ ಆಚೆಯ ಸಣ್ಣ ನಾಳಗಳೂ ಕಟ್ಟಿಕೊಳ್ಳದಂತೆ ಹಿಡಿದಿಡುತ್ತದೆ. ಬಿ.ಪಿ. ಬಿದ್ದಿದ್ದರೆ ಮೊದಲು ದ್ರವ ತುಂಬಬೇಕು. ಬಿ.ಪಿ. ಏರಿಸುವ ಔಷಧಿಗಳು ಕರುಳಿನ ನಾಳಗಳನ್ನೇ ಬಿಗಿಯುತ್ತವೆ, ಅದರಲ್ಲೂ ವ್ಯಾಸೊಪ್ರೆಸಿನ್. ಅನಿವಾರ್ಯವಾದರೆ ಅತಿ ಕಡಿಮೆ ಪ್ರಮಾಣದಲ್ಲಿ ಮಾತ್ರ.

ನಂತರ ನಾಳ ತೆರೆಯುವುದು. ಹೊಟ್ಟೆ ಇನ್ನೂ ಮೆತ್ತಗಿದ್ದು ಕರುಳು ಸತ್ತ ಸೂಚನೆ ಇಲ್ಲದಿದ್ದರೆ ಕ್ಯಾಥ್‌ಲ್ಯಾಬ್‌ನಲ್ಲಿ ತೊಡೆಯ ಅಥವಾ ಕೈಯ ನಾಳದಿಂದ ಹೋಗಿ ಗೆಡ್ಡೆಯನ್ನು ಹೀರಿ ತೆಗೆಯಬಹುದು, ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಬಹುದು. ಹೊಟ್ಟೆ ಬಿಗಿದಿದ್ದರೆ ತೆರೆದ ಆಪರೇಷನ್ನೇ. ಎಸ್‌ಎಂಎಗೆ ಸಣ್ಣ ಸೀಳು ಹಾಕಿ, ತುದಿಯಲ್ಲಿ ಬಲೂನು ಇರುವ ತೆಳು ನಳಿಕೆಯನ್ನು ಗೆಡ್ಡೆಯ ಆಚೆಗೆ ದಾಟಿಸಿ, ಬಲೂನು ಉಬ್ಬಿಸಿ ಎಳೆದರೆ ಗೆಡ್ಡೆ ಅದರೊಂದಿಗೆ ಬರುತ್ತದೆ. ಅಮೆರಿಕದ ಥಾಮಸ್ ಫೋಗಾರ್ಟಿ 1963ರಲ್ಲಿ ಪ್ರಕಟಿಸಿದ ಈ ಉಪಾಯ ಇಂದಿಗೂ ಅವರ ಹೆಸರಿನಲ್ಲೇ ನಡೆದಿದೆ. ಸತ್ತ ಭಾಗ ಸ್ಪಷ್ಟವಾಗಿದ್ದರೆ ಕತ್ತರಿಸಿ ತೆಗೆಯುತ್ತಾರೆ. ಕ್ರಮ ಮುಖ್ಯ: ಮೊದಲು ನಾಳ ತೆರೆದು ರಕ್ತ ಹರಿಸಿ, ಬಣ್ಣ ಮರಳುತ್ತದೆಯೇ ಎಂದು ಕಾದು ನೋಡಿ, ಆಮೇಲೆ ಕತ್ತರಿ. ಮೊದಲೇ ಕತ್ತರಿಸಿದರೆ ಬದುಕಬಹುದಾಗಿದ್ದ ಕರುಳೂ ಹೋಗುತ್ತದೆ.

ರಕ್ತ ಮತ್ತೆ ಹರಿದ ಮೇಲೂ ರೋಗಿ ಹದಗೆಡುವುದು ಯಾಕೆ? ಆಪರೇಷನ್ ಸರಿಯಾಗಿರಲಿಲ್ಲವೇ?

ಇದು ಮನೆಯವರನ್ನು ಬಹಳ ಕಾಡುವ ಪ್ರಶ್ನೆ. ಬಹುತೇಕ ಸಲ ತಪ್ಪು ಯಾರದ್ದೂ ಅಲ್ಲ. ಮರಳಿ ಬಂದ ರಕ್ತವೇ ಎರಡನೆಯ ಪೆಟ್ಟು ಕೊಡುತ್ತದೆ. ಆಮ್ಲಜನಕ ಇಲ್ಲದ ಹೊತ್ತಿನಲ್ಲಿ ಜೀವಕೋಶಗಳು ಶಕ್ತಿಯ ದಾಸ್ತಾನನ್ನು ಒಡೆದೊಡೆದು ಬಳಸಿ, ಹೈಪೊಕ್ಸಾಂಥಿನ್ ಎಂಬ ಉಳಿಕೆ ಗುಡ್ಡೆ ಬಿದ್ದಿರುತ್ತದೆ. ಅದೇ ಹೊತ್ತಿಗೆ ಕರುಳಿನಲ್ಲಿ ಹೇರಳವಾಗಿರುವ ಒಂದು ಕಿಣ್ವ ರೂಪ ಬದಲಿಸಿ ಕೂತಿರುತ್ತದೆ. ಆಮ್ಲಜನಕ ದಿಢೀರನೆ ಬಂದಾಗ ಈ ಎರಡೂ ಸೇರಿ ಕೋಶದ ಪೊರೆಯನ್ನೇ ಸುಡುವ ಕಣಗಳನ್ನು ಹುಟ್ಟಿಸುತ್ತವೆ. ಬಿಳಿ ರಕ್ತಕಣಗಳು ಧಾವಿಸಿ ಬಂದು ಉರಿಯೂತ ಹೆಚ್ಚಿಸುತ್ತವೆ. ಸೋರುವ ಗೋಡೆಯಿಂದ ಕ್ರಿಮಿಗಳು ಮತ್ತು ವಿಷ, ಸತ್ತ ಕೋಶಗಳಿಂದ ಪೊಟ್ಯಾಸಿಯಂ ಮತ್ತು ಆಮ್ಲ ಒಮ್ಮೆಗೇ ರಕ್ತಕ್ಕೆ ಇಳಿಯುತ್ತವೆ. ಬಿ.ಪಿ. ಕುಸಿಯುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಶ್ವಾಸಕೋಶ, ಕಿಡ್ನಿಗೂ ಹೊಡೆತ ಬೀಳುತ್ತದೆ.

ಇದನ್ನು ತಡೆಯಲು ಪ್ರಾಣಿಗಳ ಮೇಲೆ ಸಾಕಷ್ಟು ಪ್ರಯೋಗಗಳಾಗಿವೆ. ರಕ್ತವನ್ನು ಮೊದಲೇ ಸ್ವಲ್ಪ ಸ್ವಲ್ಪ ನಿಲ್ಲಿಸಿ ಬಿಟ್ಟು ಕರುಳನ್ನು ‘ಪಳಗಿಸುವುದು’, ಅಲೊಪ್ಯುರಿನಾಲ್, ಎನ್-ಅಸಿಟೈಲ್‌ಸಿಸ್ಟೀನ್, ಗ್ಲುಟಮೈನ್‌ನಂಥವನ್ನು ಕೊಡುವುದು. ಇಲಿಗಳಲ್ಲಿ ಫಲ ಕಂಡ ಇವುಗಳಲ್ಲಿ ಒಂದೂ ಮನುಷ್ಯರ ದಿನನಿತ್ಯದ ಚಿಕಿತ್ಸೆಯಾಗಿ ನಿಂತಿಲ್ಲ. ಕೈಯಲ್ಲಿರುವ ರಕ್ಷಣೆ ಸರಳವಾದದ್ದು: ರಕ್ತ ನಿಂತ ಹೊತ್ತನ್ನು ಕಡಿಮೆ ಮಾಡುವುದು, ನಾಳ ತೆರೆಯುವ ಮೊದಲೇ ಅರಿವಳಿಕೆ ತಜ್ಞರಿಗೆ ಹೇಳುವುದು, ದ್ರವ ತುಂಬಿರುವುದು, ಪೊಟ್ಯಾಸಿಯಂ ಮತ್ತು ಆಮ್ಲದ ಮಟ್ಟವನ್ನು ಮೇಲಿಂದ ಮೇಲೆ ನೋಡುತ್ತಿರುವುದು. ‘ಕರುಳು ರಕ್ಷಿಸುವ’ ಪುಡಿ, ಟಾನಿಕ್ಕು ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಒಮ್ಮೆ ಹೊಟ್ಟೆ ತೆರೆದು, ಎರಡು ದಿನದಲ್ಲಿ ಮತ್ತೆ ತೆರೆಯುತ್ತೇವೆ ಎನ್ನುತ್ತಾರೆ. ಯಾಕೆ?

ಮೊದಲ ದಿನ ಕೆಲವು ಭಾಗ ಪೂರ್ತಿ ಕೆಂಪೂ ಅಲ್ಲ, ಪೂರ್ತಿ ಕಪ್ಪೂ ಅಲ್ಲ. ಅದನ್ನು ಉಳಿಸಿ, 24ರಿಂದ 48 ಗಂಟೆಗಳ ನಂತರ ನೋಡಿ ಬದುಕಿದ್ದನ್ನು ಬಿಟ್ಟು ಸತ್ತದ್ದನ್ನು ಮಾತ್ರ ತೆಗೆಯುತ್ತಾರೆ. ಉಳಿದ ಪ್ರತಿ ಅಡಿ ಕರುಳೂ ಮುಂದಿನ ಬದುಕಿಗೆ ಬೇಕು. ಎರಡನೆಯ ಆಪರೇಷನ್ ಮೊದಲೇ ಹಾಕಿಕೊಂಡ ಯೋಜನೆ. ಒಪ್ಪಿಗೆ ಕೊಡಲು ಹಿಂಜರಿಯಬೇಡಿ.

ವಾಲ್ವ್ ತೊಂದರೆಗೆ ರಕ್ತ ತೆಳು ಮಾಡೋ ಗುಳಿಗಿ ಕೊಟ್ಟಿದ್ದಾರೆ. ಆರಾಮ ಇದ್ದೇನೆ, ಬಿಡಬಹುದೇ?

ಬಿಡಬಾರದು. ಕರುಳನ್ನು ಉಳಿಸುವ ಅತಿ ಅಗ್ಗದ, ಅತಿ ಖಾತ್ರಿಯ ಉಪಾಯ ಇದೇ. ಚಿಕ್ಕಂದಿನ ಕೀಲು ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೃದಯದ ಮೇಲಿನ ಎಡ ಕೋಣೆ ಹಿಗ್ಗಿ, ಬಡಿತ ಏರುಪೇರಾಗಿ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಇವರಿಗೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್. ಐಎನ್‌ಆರ್ 2 ಮತ್ತು 3ರ ನಡುವೆ ಇರಬೇಕು. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ ಸಾಮಾನ್ಯವಾಗಿ 2.5ರಿಂದ 3.5. ‘ಹೊಸ ಗುಳಿಗೆ ಬಂದಿದೆ, ರಕ್ತ ಪರೀಕ್ಷೆ ಬೇಡ’ ಎಂದು ಕೇಳಿ ತಾವಾಗಿ ಬದಲಿಸಬೇಡಿ. ಕೀಲು ಜ್ವರದ ವಾಲ್ವ್ ಕಾಯಿಲೆ ಇರುವವರಲ್ಲಿ ರಿವರಾಕ್ಸಬಾನ್ ಎಂಬ ಹೊಸ ಗುಳಿಗೆಗಿಂತ ಹಳೆಯ ಗುಳಿಗೆಯೇ ಮೇಲು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ವಾಲ್ವಿನ ಈ ತೊಂದರೆ ಇಲ್ಲದೆ ಬರೀ ಬಡಿತದ ಏರುಪೇರು ಇರುವವರಿಗೆ ಹೊಸ ಗುಳಿಗೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವುಗಳ ಶಕ್ತಿ ಒಂದು ದಿನಕ್ಕೇ ಮುಗಿಯುವುದರಿಂದ ಎರಡು ಹೊತ್ತು ತಪ್ಪಿದರೂ ರಕ್ಷಣೆ ಇಲ್ಲ. ರಿವರಾಕ್ಸಬಾನ್ 15 ಅಥವಾ 20 ಮಿಲಿಗ್ರಾಂ ಗುಳಿಗೆಯನ್ನು ಊಟದ ಜೊತೆಗೇ ತಗೋಬೇಕು.

ಐಎನ್‌ಆರ್ ಪರೀಕ್ಷೆ ಶುರುವಿನಲ್ಲಿ ಕೆಲವು ದಿನಕ್ಕೊಮ್ಮೆ, ಒಂದೇ ಮಟ್ಟದಲ್ಲಿ ನಿಂತ ಮೇಲೆ ನಾಲ್ಕು ವಾರಕ್ಕೊಮ್ಮೆ. ವಾರ್ಫರಿನ್ ಮರೆತರೆ ಅದೇ ದಿನ ನೆನಪಾದಾಗ ನುಂಗಿ, ಮರುದಿನ ನೆನಪಾದರೆ ಎರಡು ಒಟ್ಟಿಗೆ ನುಂಗಬೇಡಿ. ಭೇದಿಗೆಂದು ಅಂಗಡಿಯಲ್ಲಿ ಕೊಡುವ ಮೆಟ್ರೊನಿಡಜೋಲ್, ಚರ್ಮದ ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ತಿಂದರೆ ಜಠರದಲ್ಲಿ ರಕ್ತ ಸೋರುವ ಭಯ. ಹಲ್ಲು ಕೀಳಿಸುವ ಮೊದಲು ಗುಳಿಗೆ ನಿಲ್ಲಿಸಬೇಕೇ ಎಂಬುದನ್ನು ಹೃದಯದ ಡಾಕ್ಟರೇ ಹೇಳಬೇಕು, ಮನೆಯಲ್ಲಿ ತೀರ್ಮಾನಿಸಬೇಡಿ. ಕೀಲು ಜ್ವರ ಮರುಕಳಿಸದಂತೆ ಮೂರು-ನಾಲ್ಕು ವಾರಕ್ಕೊಮ್ಮೆ ಹಾಕಿಸುವ ಪೆನ್ಸಿಲಿನ್ ಸೂಜಿಯನ್ನೂ ಡಾಕ್ಟರು ಹೇಳಿದ ವರ್ಷದವರೆಗೆ ಬಿಡಬೇಡಿ.

ವಾರ್ಫರಿನ್ ತಗೊಂಡರೆ ತಪ್ಪಲ ಪಲ್ಯ ತಿನ್ನಬಾರದಂತೆ, ನಿಜವೇ?

ಅರ್ಧ ಮಾತ್ರ ನಿಜ. ಮೆಂತೆ, ಪಾಲಕ, ರಾಜಗಿರಿಯಂಥ ಸೊಪ್ಪುಗಳಲ್ಲಿ ವಿಟಮಿನ್ ಕೆ ಇದೆ, ಅದು ಗುಳಿಗೆಯ ಬಲ ಕುಗ್ಗಿಸುತ್ತದೆ. ಆದರೆ ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ ಇಲ್ಲದ ಊಟ ನಮ್ಮ ಕಡೆ ಊಟವೇ ಅಲ್ಲ, ಬಿಡಬೇಕಾಗಿಯೂ ಇಲ್ಲ. ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟನ್ನೇ ಒಂದೇ ಸಮ ತಿನ್ನಿ, ಡಾಕ್ಟರು ಗುಳಿಗೆಯನ್ನು ಅದಕ್ಕೆ ಹೊಂದಿಸುತ್ತಾರೆ. ಎಳ್ಳಮಾವಾಸ್ಯೆಯ ಒಂದು ಊಟದಿಂದ ಏನೂ ಆಗದು. ಶ್ರಾವಣ ಬಂತೆಂದು ತಿಂಗಳಿಡೀ ಊಟದ ರೀತಿ ಬದಲಾದರೆ ಮಧ್ಯದಲ್ಲಿ ಒಮ್ಮೆ ಐಎನ್‌ಆರ್ ನೋಡಿಸಿ.

ನಲವತ್ತು ವರ್ಷದವರಿಗೆ, ಹೃದಯ ಚೆನ್ನಾಗಿರುವವರಿಗೂ ಬರುತ್ತದೆಯೇ?

ಬರುತ್ತದೆ, ಹೆಚ್ಚಾಗಿ ಅಭಿಧಮನಿಯ ಕಡೆಯಿಂದ. ನೋವು ನಿಧಾನ, ನಾಲ್ಕೈದು ದಿನ ಹೊಗೆಯಾಡಿ ಬೆಳೆಯುತ್ತದೆ. ಯಕೃತ್ತಿನ ಕಾಯಿಲೆ, ಹುಟ್ಟಿನಿಂದ ಬಂದ ಹೆಪ್ಪುಗಟ್ಟುವ ಗುಣ, ರಕ್ತಕಣ ಹೆಚ್ಚಾಗುವ ಕಾಯಿಲೆಗಳು, ಗರ್ಭನಿರೋಧಕ ಗುಳಿಗೆ, ಹೊಟ್ಟೆಯೊಳಗಿನ ಸೋಂಕು ಕಾರಣಗಳು. ಕರುಳು ಸತ್ತಿಲ್ಲದಿದ್ದರೆ ಇಲ್ಲಿ ಆಪರೇಷನ್ ಬೇಕಾಗದೆ ಹೆಪಾರಿನ್‌ನಿಂದಲೇ ಗುಣವಾಗುವವರು ಬಹಳ. ನಂತರ ಗುಳಿಗೆ ಕನಿಷ್ಠ 3ರಿಂದ 6 ತಿಂಗಳು, ಕಾರಣ ಕಾಯಂ ಆಗಿದ್ದರೆ ಜೀವನಪರ್ಯಂತ.

ಉಂಡ ಮೇಲೆ ಮಾತ್ರ ಹೊಟ್ಟೆ ಕಡಿಯುತ್ತದೆ, ತೂಕ ಇಳಿದಿದೆ. ಇದೂ ಅದೇನಾ?

ಇರಬಹುದು. ಉಂಡ ಅರ್ಧ ಗಂಟೆಯೊಳಗೆ ಶುರುವಾಗಿ ಒಂದರಿಂದ ಮೂರು ಗಂಟೆ ಹಿಡಿಯುವ ನೋವು, ಅದರ ಹೆದರಿಕೆಗೆ ಊಟವೇ ಕಡಿಮೆಯಾಗುವುದು. ಮೂರು ರೊಟ್ಟಿ ಉಣ್ಣುತ್ತಿದ್ದವರು ಅರ್ಧ ರೊಟ್ಟಿಗೆ ಇಳಿದಿರುತ್ತಾರೆ. ಹಸಿವು ಇದ್ದೇ ಇರುತ್ತದೆ, ಉಣ್ಣಲು ಭಯ. ಅರವತ್ತು ದಾಟಿದ, ಬೀಡಿ ಸೇದುವವರಲ್ಲಿ ಇದನ್ನು ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಎಂದು, ಆಮೇಲೆ ಕ್ಯಾನ್ಸರ್ ಇರಬಹುದೆಂದು ಹುಡುಕುತ್ತಾರೆ. ಎಂಡೋಸ್ಕೋಪಿ ನಾರ್ಮಲ್ ಬರುತ್ತದೆ. ಮೂರು ಕವಲುಗಳಲ್ಲಿ ಸಾಮಾನ್ಯವಾಗಿ ಎರಡು ಕಿರಿದಾಗಿರುತ್ತವೆ. ಬರಿಹೊಟ್ಟೆಯಲ್ಲಿ ಮಾಡುವ, ರಕ್ತದ ವೇಗ ಅಳೆಯುವ ಡಾಪ್ಲರ್‌ನಲ್ಲಿ ಎಸ್‌ಎಂಎ ವೇಗ ಸೆಕೆಂಡಿಗೆ 275 ಸೆಂ.ಮೀ. ದಾಟಿದರೆ ಶೇ. 70ಕ್ಕೂ ಹೆಚ್ಚು ಕಿರಿದಾಗಿರುವ ಸೂಚನೆ. ಸಿಟಿ ಆ್ಯಂಜಿಯೋಗ್ರಾಮ್ ಅದನ್ನು ಖಚಿತಪಡಿಸುತ್ತದೆ. ಸ್ಟೆಂಟ್ ಹಾಕಿದರೆ ಮತ್ತೆ ಹೊಟ್ಟೆ ತುಂಬ ಉಣ್ಣಬಹುದು. ಬೀಡಿ ಮಾತ್ರ ಅಂದೇ ಬಿಡಬೇಕು.

ತೊಡೆಸಂದಿನ ಹರ್ನಿಯಾ ವರ್ಷಗಳಿಂದ ಇದೆ, ನೋವಿಲ್ಲ. ಕಾಯಬಹುದೇ?

ಮಲಗಿದಾಗ ತಾನಾಗಿ ಒಳಗೆ ಹೋಗುವವರೆಗೆ ಗಡಿಬಿಡಿಯಿಲ್ಲ, ಆದರೆ ಒಂದು ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಳ್ಳುವುದೇ ಒಳ್ಳೆಯದು. ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತ, ವಾಂತಿಯೂ ಇದ್ದರೆ ಒಳಗಿನ ಕರುಳಿಗೆ ರಕ್ತ ನಿಂತಿದೆ. ಆಗ ಒತ್ತಿ ಒಳಗೆ ತಳ್ಳಬೇಡಿ. ಸತ್ತ ಕರುಳು ಹೊಟ್ಟೆಯೊಳಗೆ ಸೇರಿದರೆ ಅಪಾಯ ಇನ್ನೂ ದೊಡ್ಡದು. ಹೆಂಗಸರಲ್ಲಿ ತೊಡೆಸಂದಿನ ಗೆರೆಯ ಕೆಳಗೆ ಬರುವ ಸಣ್ಣ ಗಂಟು ಸಿಕ್ಕಿಕೊಳ್ಳುವ ಸಂಭವ ಎಲ್ಲಕ್ಕಿಂತ ಹೆಚ್ಚು. ಸಂಕೋಚದಿಂದ ಮುಚ್ಚಿಡುವುದೂ ಅದನ್ನೇ. ದಯವಿಟ್ಟು ತೋರಿಸಿ.

ವಯಸ್ಸಾದವರಿಗೆ ಎಡಗಡೆ ನೋವು ಬಂದು ಮಲದಲ್ಲಿ ರಕ್ತ ಬಂದರೆ?

ದೊಡ್ಡ ಕರುಳಿನ ಎಡ ಮೇಲ್ತಿರುವು ಎರಡು ಕಾಲುವೆಗಳ ಕಟ್ಟಕಡೆಯ ಹೊಲ. ಬಿ.ಪಿ. ಬಿದ್ದಾಗ, ಮೈಯಲ್ಲಿ ನೀರು ಕಡಿಮೆಯಾದಾಗ ಅಲ್ಲಿ ಮೊದಲು ಹಾನಿ. ತೋರಿಸಲೇಬೇಕು, ಆದರೆ ಹೆಚ್ಚಿನವರಲ್ಲಿ ಸಲೈನ್ ಮತ್ತು ವಿಶ್ರಾಂತಿಯಿಂದ ಕೆಲವು ದಿನದಲ್ಲಿ ತಾನೇ ಮಾಗುತ್ತದೆ. ವಾರಗಳ ನಂತರ ಅಲ್ಲಿ ಕರುಳು ಕಿರಿದಾಗಬಹುದು.

ಬೇಸಿಗೆಯಲ್ಲಿ ನೀರು ಕಡಿಮೆಯಾದರೂ ಕರುಳಿಗೆ ತೊಂದರೆಯೇ?

ಗಟ್ಟಿಮುಟ್ಟಾದವರಿಗೆ ಅಷ್ಟು ಸುಲಭವಾಗಿ ಆಗದು. ನೀರು ಕಡಿಮೆಯಾದಾಗ ದೇಹ ಮಿದುಳು, ಹೃದಯವನ್ನು ಉಳಿಸಲು ಕರುಳಿನ ಪಾಲನ್ನೇ ಮೊದಲು ಕಡಿತ ಮಾಡುತ್ತದೆ. ಹೃದಯ ದುರ್ಬಲ ಇರುವವರು, ಮೂತ್ರ ಹೆಚ್ಚಿಸುವ ಗುಳಿಗೆ ಅಥವಾ ಡಿಗಾಕ್ಸಿನ್ ತಿನ್ನುವವರು, ಡಯಾಲಿಸಿಸ್‌ನಲ್ಲಿ ಬಿ.ಪಿ. ಬೀಳುವವರು ಎಚ್ಚರದಿಂದಿರಬೇಕು. ವಾಂತಿ-ಭೇದಿ ಆದ ದಿನ, ಬಿಸಿಲಲ್ಲಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟ ದಿನ ಮೂತ್ರದ ಗುಳಿಗೆ ಎಷ್ಟು ತಗೋಬೇಕೆಂದು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಮಕ್ಕಳಲ್ಲಿ?

ಹಸುಗೂಸು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿರಬಹುದು, ಒಂದು ಗಂಟೆಯೂ ಕಾಯಬೇಡಿ. ಆರು ತಿಂಗಳ ಆಸುಪಾಸಿನ ಕೂಸು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರಿ, ನಡುವೆ ಬಿಳಿಚಿ ಸುಮ್ಮನಾಗಿ, ಮತ್ತೆ ಚೀರಿದರೆ ಕರುಳೊಳಗೆ ಕರುಳು ಸೇರಿರಬಹುದು. ಲೋಳೆಯಂಥ ರಕ್ತ ಬರುವವರೆಗೆ ಕಾಯದೆ ಬಂದರೆ ಗಾಳಿ ಅಥವಾ ಸಲೈನ್ ಒತ್ತಡದಿಂದಲೇ ಹೆಚ್ಚಿನವು ಬಿಡಿಸಿಕೊಳ್ಳುತ್ತವೆ. ದಿನ ತುಂಬದೆ ಹುಟ್ಟಿದ ಕೂಸಿನ ಕರುಳಿಗೆ ತಾಯಿಯ ಹಾಲಿನಷ್ಟು ದೊಡ್ಡ ರಕ್ಷಣೆ ಬೇರೆ ಇಲ್ಲ.

ಖರ್ಚಿನ ದಾರಿ ಏನು?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳಿಗೆ ರೆಫರಲ್ ಚೀಟಿ ಬೇಕಿಲ್ಲ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಒಬ್ಬರು ಹೋಗಿ ಕಾಣಲಿ, ಇನ್ನೊಬ್ಬರು ರೋಗಿಯ ಹತ್ತಿರ ಇರಲಿ.

ಕರುಳು ಕತ್ತರಿಸಿ ಮನೆಗೆ ಬಂದ ಮೇಲೆ ಊಟ ಹೇಗೆ?

ಎಷ್ಟು ಉಳಿದಿದೆ ಎನ್ನುವುದರ ಮೇಲೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ತೆಗೆದ ಅಳತೆಗಿಂತ ಉಳಿದ ಅಳತೆಯನ್ನು ಬರೆಸಿಕೊಳ್ಳಿ. ಸಣ್ಣ ಕರುಳು 200 ಸೆಂ.ಮೀ.ಗಿಂತ ಕಡಿಮೆ ಉಳಿದರೆ ಉಂಡದ್ದು ಮೈಗೆ ಹತ್ತುವುದು ಕಷ್ಟ. ಆರೆಂಟು ಸಣ್ಣ ಊಟ ಮಾಡಿ: ಮೆತ್ತನೆಯ ಅನ್ನ, ಮೊಸರು, ಜೋಳದ ನುಚ್ಚು, ಬೇಯಿಸಿದ ತತ್ತಿ, ಬೇಳೆ. ಕುಟ್ಟಿದ ಖಾರ, ಎಣ್ಣೆಗಾಯಿ, ಮಿರ್ಚಿ ಭಜಿ ಕೆಲವು ತಿಂಗಳು ದೂರ ಇರಲಿ. ಊಟದ ಜೊತೆ ಗಟಗಟ ನೀರು ಕುಡಿಯಬೇಡಿ. ಬರೀ ನೀರು, ಚಹಾ, ಸಿಹಿ ಶರಬತ್ತು ಹೆಚ್ಚಾದಷ್ಟೂ ಒಳಗಿನ ಉಪ್ಪನ್ನೂ ಎಳೆದುಕೊಂಡು ಭೇದಿಯಾಗಿ ಹೋಗುತ್ತದೆ. ಬದಲಿಗೆ ಓಆರ್‌ಎಸ್ ಗುಟುಕು ಗುಟುಕಾಗಿ. ಕರುಳಿನ ತುದಿಯನ್ನು ಹೊರತಂದು ಹೊಟ್ಟೆಯ ಮೇಲೆ ಚೀಲ ಹಾಕಿದ್ದರೆ ದಿನದಲ್ಲಿ ಎಷ್ಟು ತುಂಬುತ್ತದೆ ಎಂದು ಅಳೆದು ಬರೆಯಿರಿ, ಒಂದೂವರೆ ಲೀಟರ್ ದಾಟಿದರೆ ಅದೇ ದಿನ ಫೋನ್ ಮಾಡಿ. ಸಣ್ಣ ಕರುಳಿನ ಕೊನೆಯ ಭಾಗ ತೆಗೆದಿದ್ದರೆ ಬಿ12 ಸೂಜಿ ಕಾಯಂ ಬೇಕಾಗಬಹುದು. ಉಂಡ ಮೇಲೆ ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ ಉಳಿದ ಕರುಳು ಎಲ್ಲೋ ಕಿರಿದಾಗಿರಬಹುದು, ಸ್ಕ್ಯಾನ್ ಮಾಡಿಸಿ. ರಕ್ತ ತೆಳು ಮಾಡುವ ಗುಳಿಗೆಯ ಮುಂದಿನ ತಿಂಗಳ ಸ್ಟ್ರಿಪ್ ಈ ತಿಂಗಳ ಕೊನೆಯ ವಾರದಲ್ಲೇ ತಂದಿಡಿ.